ಗುರುತು ಸಿಗದ ಕೋಟುಗಳು

ಬೆಳಕು ಹರಿಯುವ ಮೊದಲೇ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಲ್ಲುವುದು, ಒಲೆ ಹಚ್ಚುವುದು, ತಮ್ಮನ ಅಂಗಿಗೆ ಇಸ್ತ್ರಿ ಹಾಕುವುದು, ತಾಯಿಯಿಲ್ಲದ ಅವನ ಇಬ್ಬರು ಮಕ್ಕಳ ಸಮವಸ್ತ್ರಕ್ಕೆ ಕಿತ್ತುಹೋದ ಗುಂಡಿ ಹೊಲಿಯುವುದು, ನಾಲ್ಕು ಬುತ್ತಿ ಕಟ್ಟುವುದು, ಹಾಸಿಗೆ ಹಿಡಿದ ತಾಯಿಯ ಮೈ ಒರೆಸಿ ತಲೆ ಬಾಚುವುದು: ಇಷ್ಟೂ ಮುಗಿದ ಮೇಲೆಯೇ ಸುಂಕದತ್ತೆ ತನ್ನ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಕೊರಳಿಗೆ ಅಳತೆಯ ಟೇಪು ಇಳಿಬಿಟ್ಟುಕೊಂಡು, ಬಲಭುಜವನ್ನು ತುಸು ಮುಂದೆ ಚಾಚಿ, ಯಾರನ್ನೋ ತಳ್ಳಿಕೊಂಡು ಹೋಗುವವಳಂತೆ ಬಂದರಿನ ಕಡೆ ನಡೆದುಬಿಡುತ್ತಿದ್ದಳು.

ಹೆಸರು ಮಕ್ಕಳು ಇಟ್ಟದ್ದು. ಸುಂಕದ ಕಚೇರಿಯ ಉಗ್ರಾಣದಲ್ಲಿ ಆಕೆಗೆ ಕೆಲಸ. ಹಡಗಿನಿಂದ ಇಳಿದ ಸಿದ್ಧ ಉಡುಪುಗಳನ್ನು ಬಿಚ್ಚಿ ನೋಡಿ, ಇದು ಗಂಡಸರದ್ದು, ಇದು ಹೆಂಗಸರದ್ದು ಎಂದು ಹಾಳೆಯ ಮೇಲೆ ಬರೆದು ಸಹಿ ಹಾಕಬೇಕು. ಹೆಂಗಸರದ್ದಕ್ಕೆ ಸುಂಕ ಹೆಚ್ಚು. ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಎಡಮಗ್ಗುಲು ಬಲದ ಮೇಲೆ ಬಂದು ಗುಂಡಿ ಕೂಡಿದರೆ ಗಂಡಸರದ್ದು, ಬಲಮಗ್ಗುಲು ಮೇಲೆ ಬಂದರೆ ಹೆಂಗಸರದ್ದು, ಯಾವ ಗುರುತೂ ಸಿಗದಿದ್ದರೆ ಅದೂ ಹೆಂಗಸರ ಲೆಕ್ಕಕ್ಕೇ. ಈ ಕೆಲಸ ಆಕೆಯ ಕಣ್ಣಿಗೆ ಎಷ್ಟು ಅಂಟಿತ್ತೆಂದರೆ, ಎದುರು ಬಂದವರ ಮುಖಕ್ಕಿಂತ ಮೊದಲು ಎದೆಯ ಗುಂಡಿಸಾಲು ಕಾಣುತ್ತಿತ್ತು. ಬೀದಿಯ ಹುಡುಗಿಯೊಬ್ಬಳನ್ನು ನೋಡಲು ವರ ಬಂದು ಹೋದಾಗ, "ಗಂಡು ಹೇಗಿದಾನೆ ಅತ್ತೆ?" ಎಂದು ಮಕ್ಕಳು ಕೇಳಿದರೆ, "ಮೂರನೇ ಗುಂಡಿ ಸಡಿಲ. ಅದರ ಮೇಲಕ್ಕೆ ನೋಡಲಿಲ್ಲ ಕಣ್ರೋ" ಎಂದಿದ್ದಳು.

ಈಗ ಆ ಉಗ್ರಾಣವಿಲ್ಲ. ಅದರ ತಗಡಿನ ಮಾಡು, ಗೋಣಿ ಮತ್ತು ಹೊಸ ಬಟ್ಟೆಯ ಗಂಜಿಯ ವಾಸನೆ, ಕಿಟಕಿಯಿಂದ ಉದ್ದನೆಯ ಮೇಜಿನ ಮೇಲೆ ಬೀಳುತ್ತಿದ್ದ ಬಿಸಿಲು, ಎಲ್ಲವೂ ಅತ್ತೆಯ ಮಧ್ಯಾಹ್ನದ ಬುತ್ತಿ ತಲುಪಿಸಲು ಓಡಿಹೋಗುತ್ತಿದ್ದ ಆ ಮಕ್ಕಳ ನೆನಪಿನಲ್ಲಷ್ಟೇ ಉಳಿದಿವೆ. ಎಲ್ಲರ ಬುತ್ತಿ ಕಟ್ಟಿ ತನ್ನದನ್ನು ಮರೆತುಬರುವುದು ಆಕೆಯ ರೂಢಿಯಾಗಿತ್ತು.

ಪಕ್ಕದ ಮನೆಯವಳು ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದಳು. ಒಂದು ಸಂಜೆ ಅಲ್ಲಿ ತೊಡುವ ಕೋಟು ಹಿಡಿದುಕೊಂಡು ಬಂದಳು.

"ಅಕ್ಕ, ಈ ತೋಳು ನಾಲ್ಕು ಬೆರಳು ಕತ್ತರಿಸಿ ಕೊಡಿ. ನೆಲ ಒರೆಸೋ ಬಟ್ಟೆಗಿಂತ ಮೊದಲು ಇದೇ ಬಕೀಟಿಗೆ ಇಳಿಯತ್ತೆ."

"ಹೊಸದಾ?"

"ಹೊಸದೇ. ದುಡ್ಡು ಸಂಬಳದಲ್ಲಿ ಹಿಡಿದ್ರು, ಅದೂ ಜಾಸ್ತೀನೇ. ಗಂಡಸರ ಕೋಟಾಗಿದ್ರೆ ಸುಂಕ ಕಮ್ಮಿ ಇರ್ತಿತ್ತಂತೆ. ಯಾವಳೋ ಪುಣ್ಯಾತ್ಗಿತ್ತಿ ಹೆಂಗಸರದ್ದು ಅಂತ ಬರೆದು ಕೂತಿದ್ದಾಳೆ."

ಪುಣ್ಯಾತ್ಗಿತ್ತಿ ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಬೆನ್ನ ಹಿಂದೆ ದಾರದಿಂದ ಕಟ್ಟುವ ಕೋಟು, ಗುಂಡಿಯಿಲ್ಲ. ಹನ್ನೊಂದು ವರ್ಷದಿಂದ ಆ ಕೋಟಿನ ಮೂಟೆಗಳು ಬಂದಾಗಲೆಲ್ಲ ಗುಂಡಿ ಹುಡುಕಿ, ಕಾಣದೆ, ಹೆಂಗಸರದ್ದು ಎಂದು ಸಹಿ ಹಾಕಿದವಳು ತಾನೇ. ಈಗ ಮಗುಚಿ ಹಾಕಿ ಟೇಪು ಹಿಡಿದಳು. ಅಗಲ ಭುಜ, ನೇರ ಎದೆ, ಉಬ್ಬಿಗೆಂದು ಎಲ್ಲೂ ಟಕ್ಸಿನ ಮಡಿಕೆ ಹಿಡಿದಿಲ್ಲ, ಮಣಿಕಟ್ಟು ದಾಟಿ ಜೋಲುವ ತೋಳು. ಕತ್ತರಿಸಿದವನ ಮನಸ್ಸಿನಲ್ಲಿ ಹೆಂಗಸೇ ಇರಲಿಲ್ಲ. ಗಂಡಸಿನ ಮೈಗೆ ಹೊಲಿದದ್ದಕ್ಕೆ ಹೆಂಗಸಿನ ಸುಂಕ ತೆತ್ತು, ಕೊನೆಗೆ ತೋಳು ಕತ್ತರಿಸುವ ಕೂಲಿಯೂ ತೊಡುವವಳ ಪಾಲಿಗೇ.

ಮರುದಿನ ಅದೇ ಕೋಟುಗಳ ಹೊಸ ಮೂಟೆ ಬಂದಿತ್ತು. ಅತ್ತೆ ಹಾಳೆ ಹಿಡಿದು ಸಾಹೇಬರ ಮುಂದೆ ನಿಂತಳು.

"ಗುಂಡಿ ಇಲ್ಲ ಅಂದ್ರೆ ಹೆಂಗಸರದ್ದು. ಯೋಚಿಸೋಕೇನಿದೆ ಇದರಲ್ಲಿ?"

"ಅಳತೆ ಗಂಡಸಿನದು ಸಾರ್. ಕಟಿಂಗಿನಿಂದಲೇ ಗುರುತು ಸಿಕ್ಕರೆ ಗುಂಡಿ ನೋಡೋ ಹಾಗಿಲ್ಲ ಅಂತ ನಿಯಮದಲ್ಲೇ ಇದೆ."

"ಹಾಗಾದ್ರೆ ಇಷ್ಟು ವರ್ಷ ತಪ್ಪು ಬರೆದವರು ಯಾರು?"

"ನಾನೇ."

ಸಾಹೇಬರು ಕೆಟ್ಟವರಲ್ಲ. ಮೇಲ್ವಿಚಾರಕಿಯ ಹುದ್ದೆಗೆ ಆಕೆಯ ಹೆಸರು ಬರೆದು ಕಳಿಸಿದವರು ಅವರೇ. "ಮುಂದಿನ ತಿಂಗಳು ಆ ಕುರ್ಚಿ ನಿಮ್ಮದು. ಇಲ್ಲಿ ಹೆಂಗಸು ಕೂರೋದು ಇದೇ ಮೊದಲು. ನಿಮ್ಮ ಸಹಿ ನೀವೇ ತಪ್ಪು ಅಂದ್ರೆ ನಾನು ಉಳಿಸೋಕಾಗಲ್ಲ. ಊಟ ಮಾಡಿ ಬಂದು ಬರೀರಿ" ಎಂದು ಎದ್ದುಹೋದರು.

ಮನೆಮಂದಿಯ ಬಟ್ಟೆಯನ್ನೆಲ್ಲ ಅವರವರ ಮೈಗೆ ಒಪ್ಪಿಸಿ, ತಮ್ಮ ಅಳತೆಯದಲ್ಲದ ತೋಳನ್ನು ಮಡಚಿಕೊಂಡೇ ಬದುಕು ಸವೆಸಿದ ಹೆಂಗಸರನ್ನು ಸಹನೆಯುಳ್ಳವರೆಂದು ಲೋಕ ಹೊಗಳುತ್ತದೆ. ಅವರ ಸಿಟ್ಟು ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಅದು ಮೊದಲು ಹೊರಳುವುದು ತಮ್ಮ ಮೇಲೆಯೇ. ಅಂಥವರು ಒಮ್ಮೆ ತಮ್ಮ ತಪ್ಪನ್ನು ಕಂಡರೆಂದರೆ, ಬೇರೆಯವರಿಗಿಂತ ನಿಷ್ಠುರವಾಗಿ ಅದರ ಬೆನ್ನು ಹತ್ತುತ್ತಾರೆ.

ಉಗ್ರಾಣದವರೆಲ್ಲ ಊಟಕ್ಕೆ ಹೋಗಿದ್ದರು. ಅತ್ತೆ ಬೀರು ತೆರೆದು ಹನ್ನೊಂದು ವರ್ಷದ ಹಾಳೆಗಳನ್ನು ಒಂದೊಂದಾಗಿ ಹುಡುಕಿ ತೆಗೆದು, ಧೂಳು ಕೊಡವಿ, ಹೊಸ ಹಾಳೆಯ ಕೆಳಗೆ ಜೋಡಿಸಿದಳು. ಅದರ ಮೇಲೆ, "ಗಂಡಸರದ್ದು. ಹಿಂದಿನವೂ ಅಷ್ಟೇ. ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿ, ಮೇಲಿನ ಕಚೇರಿಗೆ ಹೋಗುವ ಪೆಟ್ಟಿಗೆಯಲ್ಲಿ ಇಟ್ಟಳು.