ಕುರ್ಚಿಯ ಮೇಲೆ ಕೂತ ಫೋನು

ಮೂಡಲಪಾಳ್ಯದ ರಾಮಯ್ಯನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಲೊಕಿರು, ಒಂದು ಬುಧವಾರ ಹಲ್ಲುಜ್ಜುತ್ತಿರುವಾಗ, ಜಿಲ್ಲಾಧಿಕಾರಿಯಾದ.

ಆಗಿದ್ದು ಇಲ್ಲಲ್ಲ, ಅವನ ದೇಶದಲ್ಲಿ. ಆಫ್ರಿಕಾದ ಪೂರ್ವಕ್ಕೆ ಮರುಂಬಾ ಎಂದೊಂದು ನಾಡು. ಸ್ವಾತಂತ್ರ್ಯ ಬಂದು ಹದಿನಾಲ್ಕು ತಿಂಗಳು. ಅದರಲ್ಲಿ ಮಿಲಿಟರಿಯವರು ಬಂದು ಒಂಬತ್ತು ವಾರ. ದೇಶ ಹಿಡಿಯುವುದು ಒಂದು ಬೆಳಗಿನ ಕೆಲಸ. ಹಿಡಿದ ಮೇಲೆ, ಬಿದ್ದ ಮಳೆಯನ್ನು ಯಾರು ಬರೆದಿಡಬೇಕು, ಹುಟ್ಟಿದ ಕೂಸಿನ ಹೆಸರನ್ನು ಯಾರು ಬರೆದಿಡಬೇಕು ಅನ್ನುವುದು ನಿಧಾನವಾಗಿ ಹೊಳೆಯುತ್ತದೆ. ಮಿಲಿಟರಿ ಮಂಡಳಿಯವರಿಗೂ ಹಾಗೇ ಹೊಳೆದು, ಓದಿದವರ ಪಟ್ಟಿಯೊಂದನ್ನು ಎಲ್ಲಿಂದಲೋ ತರಿಸಿ ರೇಡಿಯೊದಲ್ಲಿ ಒಂದೇ ಉಸಿರಿಗೆ ಓದಿಸಿಬಿಟ್ಟರು. ತಂಬೂರೊ ಜಿಲ್ಲೆಗೆ ಲೊಕಿರು. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಅಧಿಕಾರ ವಹಿಸಿಕೊಳ್ಳದವರು ಹುದ್ದೆ ಬೇಡವೆಂದ ಹಾಗೆ ಎಂದು ಕೊನೆಗೊಂದು ಸಾಲು. ಊರಿನಿಂದ ತಮ್ಮ ಫೋನ್ ಮಾಡಿ ಇದನ್ನು ಹೇಳಿದಾಗ ಲೊಕಿರುವಿನ ಬಾಯಿ ತುಂಬ ನೊರೆ. ಹೂಂ ಅನ್ನುವುದಕ್ಕೂ ಆಗಲಿಲ್ಲ.

ಬಾಯಿ ಮುಕ್ಕಳಿಸಿ ಕೆಳಗಿಳಿದು ಬಂದವನು ಮೆಟ್ಟಿಲ ಮೇಲೆ ಕೂತು ತಲೆಗೆ ಕೈ ಕೊಟ್ಟ. ರಾಮಯ್ಯನವರ ಹೆಂಡತಿ ಅಕ್ಕಯ್ಯಮ್ಮ ಆಗಷ್ಟೇ ತುಳಸಿಗೆ ನೀರು ಹಾಕುತ್ತಿದ್ದವರು ಯಾರಾದರೂ ಹೋಗಿಬಿಟ್ಟರೇನೋ ಎಂದು ಚೊಂಬು ಕೆಳಗಿಟ್ಟರು. ವಿಷಯ ತಿಳಿದ ಮೇಲೆ ಅವರಿಗೆ ಅರ್ಥವಾಗಲಿಲ್ಲ. ಡಿ.ಸಿ. ಆಗಿದ್ದಕ್ಕೆ ಯಾರಾದರೂ ಹೀಗೆ ಕೂರುತ್ತಾರೆಯೇ?

ಲೊಕಿರು ನಾಲ್ಕು ವರ್ಷದಲ್ಲಿ ಕಲಿತ ಕನ್ನಡದಲ್ಲೇ ಬಿಡಿಸಿ ಹೇಳಿದ. ಅವನ ಜಿಲ್ಲೆಯಲ್ಲಿ ನದಿಯಿಲ್ಲ, ಬಾವಿಗಳು ಮಾತ್ರ. ಯಾವ ಬಾವಿಯಲ್ಲಿ ಯಾವ ಊರಿನವರು ಯಾವ ದಿನ ನೀರು ಸೇದಬೇಕು ಅನ್ನುವ ಹಳೆಯ ದಫ್ತರಗಳು ಸ್ವಾತಂತ್ರ್ಯಕ್ಕೆ ಮುಂಚಿನ ಗಲಾಟೆಯಲ್ಲಿ ಸುಟ್ಟುಹೋಗಿದ್ದವು. ಸಾರ್ವಜನಿಕ ಆಡಳಿತದ ಮೇಲೆ ಪಿಎಚ್‌ಡಿ ಮಾಡುವ ನೆಪದಲ್ಲಿ ಅವನು ಮಾಡಿದ್ದು ಅದನ್ನೇ: ಎರಡು ಬೇಸಿಗೆ ಊರೂರು ತಿರುಗಿ, ಮುದುಕ ಮುದುಕಿಯರ ಬಾಯಿಂದ ಕೇಳಿ, ಮುನ್ನೂರ ಹನ್ನೊಂದು ಬಾವಿಗಳ ಹಕ್ಕನ್ನು ಮತ್ತೆ ಬರೆದಿದ್ದ. ಪಕ್ಕದ ಜಿಲ್ಲೆಗೆ ಬಂದ ಕ್ಯಾಪ್ಟನ್ ಒಬ್ಬ ಬಾವಿಗಳಿಗೆಲ್ಲ ಕಾವಲು ಹಾಕಿ, ನೀರು ಪಟಾಲಮ್ಮಿನ ಒಂಟೆಗಳಿಗೆ ಮೊದಲು ಎಂದಿದ್ದನಂತೆ. ತಾನು ಕೂತರೆ ತಂಬೂರೊದಲ್ಲಿ ಆ ಬರಹಕ್ಕೆ ಮೊಹರು ಬೀಳುತ್ತದೆ, ಕೂರದಿದ್ದರೆ ಅದು ಬರೀ ಕಾಗದ. ಆದರೆ ಅಲ್ಲಿನ ವಿಮಾನ ನಿಲ್ದಾಣ ಶನಿವಾರದವರೆಗೆ ಬಂದ್.

ರಾಮಯ್ಯ ಅಷ್ಟು ಹೊತ್ತೂ ಪೇಪರ್ ಮಡಿಸದೆ ಕೇಳುತ್ತಿದ್ದರು. ಕಂದಾಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ, ಕೊನೆಗೆ ಶಿರಸ್ತೇದಾರ್. ಬಂದ ತಹಶೀಲ್ದಾರರಿಗೆ ಚಾರ್ಜ್ ಕೊಡಿಸಿ, ಹೋಗುವ ತಹಶೀಲ್ದಾರರಿಂದ ಚಾರ್ಜ್ ಬಿಡಿಸಿ ಕೈ ಪಳಗಿದವರು. ಒಂದೇ ಕುರ್ಚಿಗೆ ಇಬ್ಬರು ಸಾಹೇಬರು ಆರ್ಡರ್ ಹಿಡಿದು ಬಂದದ್ದನ್ನೂ ಕಂಡಿದ್ದರು. ಮೊದಲು ಕೂತವರು ಆ ದಿನ ಕುರ್ಚಿ ಬಿಟ್ಟು ಏಳಲೇ ಇಲ್ಲ. ಬುತ್ತಿ ಅಲ್ಲೇ ಬಿಚ್ಚಿದರು, ನಿದ್ದೆಯನ್ನೂ ಅಲ್ಲೇ ತೆಗೆದರು.

"ಚಾರ್ಜ್ ತಗೊಳ್ಳೋಕೆ ವಿಮಾನ ಯಾಕಪ್ಪ? ಚಾರ್ಜ್ ಅಂದ್ರೆ ಮೂರೇ: ಪಟ್ಟಿ, ಮೊಹರು, ಬೀಗದ ಕೈ. ಆ ಕಡೆ ಒಬ್ಬ ಸರಿಯಾದ ಗುಮಾಸ್ತ ಇದ್ರೆ ಆಯ್ತು," ಅಂದರು ರಾಮಯ್ಯ.

ಗುಮಾಸ್ತ ಇದ್ದ. ಮುಸೆಂಬೆ ಎಂದು ಹೆಸರು, ಹಿಂದಿನ ಪರದೇಶಿ ದೊರೆಗಳ ಕಾಲದಿಂದಲೂ ಅದೇ ಕಚೇರಿಯ ಹೆಡ್ ಕ್ಲರ್ಕು. ಮಿಲಿಟರಿ ಬಂದ ಗಲಾಟೆಯಲ್ಲಿ ಸಾಹೇಬರೆಲ್ಲ ಓಡಿಹೋದರೂ ಇವನು ದಿನವೂ ಬಂದು ಬಾಗಿಲು ತೆಗೆದು, ಹಾಜರಿ ಪುಸ್ತಕದಲ್ಲಿ ತನ್ನೊಬ್ಬನದೇ ಸಹಿ ಹಾಕಿ, ಸಂಜೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ. ವಿಡಿಯೊ ಕಾಲಿನಲ್ಲಿ ಅವನು ಕಂಡೊಡನೆ ರಾಮಯ್ಯನವರಿಗೆ ಯಾವುದೋ ಜನ್ಮದ ನೆಂಟನನ್ನು ಕಂಡ ಹಾಗಾಯಿತು. ಕಿವಿಯ ಮೇಲೆ ಪೆನ್ಸಿಲ್ಲು, ತೋಳಿಗೆ ಇಂಕು ತಾಗದ ಹಾಗೆ ಬಟ್ಟೆ. ಇಬ್ಬರೂ ಕಚೇರಿ ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತಾಡಿದರು, ಲೊಕಿರುವನ್ನು ಮರೆತೇಬಿಟ್ಟರು. ನೀವು ಲೆಡ್ಜರಿಗೆ ದಾರ ಹಾಕ್ತೀರೋ ಅಂಟು ಹಾಕ್ತೀರೋ ಅನ್ನುವವರೆಗೂ ಮಾತು ಹೋಯಿತು. ಕೊನೆಗೆ ಮುಸೆಂಬೆ, ರೇಡಿಯೊದಲ್ಲಿ ಎಲ್ಲಿ ಕೂತು ಸಹಿ ಹಾಕಬೇಕು ಅಂತ ಹೇಳಿಲ್ಲ, ಶುಕ್ರವಾರ ಬೆಳಗ್ಗೆ ಎಂಟಕ್ಕೆ ಕಚೇರಿ ತೆಗೀತೀನಿ, ಆಗಲೇ ಮುಗಿಸೋಣ ಎಂದ.

ಅಲ್ಲಿ ಎಂಟು ಅಂದರೆ ಇಲ್ಲಿ ಹತ್ತೂವರೆ. ರಾಮಯ್ಯ ತಲೆಯಾಡಿಸಿದರು. ಅಕ್ಕಯ್ಯಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ.

ಹಾಗಾದರೆ ಹನ್ನೆರಡಾದ ಮೇಲೆ ನಿಧಾನವಾಗಿ ಮಾಡೋಣ, ಗಡುವು ಇರುವುದು ನಮ್ಮ ಎರಡೂವರೆಗಲ್ಲವೇ ಎಂದ ಲೊಕಿರು. ಅದಕ್ಕೂ ಅಕ್ಕಯ್ಯಮ್ಮ ಒಪ್ಪಲಿಲ್ಲ.

"ಸಹಿ ಮಾಡೋ ಕೈ ಇಲ್ಲಿ, ಕೂರೋ ಕುರ್ಚಿ ಅಲ್ಲಿ. ಅಲ್ಲಿನ ಸೂರ್ಯನಿಗೆ ಅಲ್ಲಿನ ರಾಹು ಇರಲ್ವ? ಬರೀ ಮೂಡಲಪಾಳ್ಯದೋರ್ನೇ ಹಿಡ್ಕೊಂಡು ಕೂತವ್ನಾ ಅವ್ನು?"

ರಾಮಯ್ಯನವರಿಗೆ ಈ ಮಾತು ನಾಟಿತು. ಪೆನ್ನು ತೆಗೆದು ತಂಬೂರೊದ ಸೂರ್ಯೋದಯ ಕೇಳಿ ಲೆಕ್ಕ ಹಾಕಿದರು. ಅಲ್ಲಿಯ ರಾಹುಕಾಲ ನಮ್ಮ ಒಂದು ಗಂಟೆಗೆ ಶುರು, ಗಡುವು ಮುಗಿಯುವವರೆಗೂ ಬಿಡುವುದಿಲ್ಲ. ಎರಡೂ ದೇಶದ ರಾಹು ಕಣ್ಣು ತಪ್ಪಿಸಿ ಉಳಿಯುವುದು ಹನ್ನೆರಡರಿಂದ ಒಂದರವರೆಗೆ, ಒಂದೇ ಗಂಟೆ. ಲೊಕಿರು ಅಕ್ಕಯ್ಯಮ್ಮನವರ ಮುಖ ನೋಡಿದ, ರಾಮಯ್ಯನವರ ಮುಖ ನೋಡಿದ, ಫೋನ್ ಕೈಗೆತ್ತಿಕೊಂಡ. ಮುಸೆಂಬೆಗೆ ಹೇಗೆ ಹೇಳುವುದೆಂದು ಅಂಜುತ್ತಲೇ ಹೇಳಿದರೆ ಅವನು ನಗಲಿಲ್ಲ. ನಮ್ಮಲ್ಲೂ ಶುಕ್ರವಾರ ಬೆಳಗ್ಗೆ ಒಂದು ಹಕ್ಕಿ ಇದೆ, ಅದು ಕೂಗಿ ಮುಗಿಸುವವರೆಗೆ ಯಾರೂ ಬಾವಿ ತೋಡುವುದಿಲ್ಲ ಎಂದ.

ಶುಕ್ರವಾರ ಹನ್ನೆರಡು ಹೊಡೆಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಹಣೆಗೆ ಅಕ್ಕಯ್ಯಮ್ಮ ಇಟ್ಟ ಕುಂಕುಮ. ಲೊಕಿರು ತನ್ನ ಒಂದೇ ಕೋಟು ಹಾಕಿದ್ದ. ಆ ಕಡೆ ಮುಸೆಂಬೆ ಜಿಲ್ಲಾಧಿಕಾರಿಯ ಕುರ್ಚಿಯನ್ನು ಒರೆಸಿ, ದಿಂಬು ಇಟ್ಟು, ದಿಂಬಿಗೆ ತನ್ನ ಫೋನನ್ನು ಒರಗಿಸಿದ. ಕುರ್ಚಿಯ ಮೇಲೆ ಅಂಗೈಯಗಲದ ಲೊಕಿರು ಕೂತ. ಪಾದುಕೆ ಇಟ್ಟು ರಾಜ್ಯ ಆಳಿದ ನಾಡು ನಮ್ಮದು, ಇದು ಏನು ಮಹಾ ಎಂದರು ಅಕ್ಕಯ್ಯಮ್ಮ, ಮತ್ತು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದರು.

ಪಟ್ಟಿ ಓದುವುದು ಶುರುವಾಯಿತು. ಬೀರು ನಾಲ್ಕು, ಒಂದಕ್ಕೆ ಬಾಗಿಲಿಲ್ಲ. ಟೈಪ್‌ರೈಟರ್ ಎರಡು. ಗೋಡೆ ಗಡಿಯಾರ ಒಂದು, ನಿಂತಿದೆ. ಹಳೆಯ ಗವರ್ನರರ ಪಟ ಒಂದು, ಗೋಡೆಗೆ ಮುಖ ಮಾಡಿಸಿದೆ. ಜಪ್ತಿ ಮಾಡಿದ ಆಡು ಒಂದು. ರಾಮಯ್ಯ ತಡೆದು, ಆಡು ಈಗ ಜೀವಂತ ಇದೆಯೇ, ಕಣ್ಣಾರೆ ನೋಡದೆ ಟಿಕ್ ಹಾಕುವಂತಿಲ್ಲ ಎಂದರು. ಮುಸೆಂಬೆ ಮೆಚ್ಚಿ, ಹಿತ್ತಲಿಗೆ ಹೋಗಿ ಆಡನ್ನೇ ಎಳೆದು ತಂದ. ಅದು ಕುರ್ಚಿಯ ಮೇಲಿನ ಫೋನನ್ನು ಮೂಸಿತು. ಮೂಡಲಪಾಳ್ಯದ ಲ್ಯಾಪ್‌ಟಾಪ್ ತುಂಬ ಮೂಗು.

ಅಷ್ಟರಲ್ಲಿ ಆ ಕಡೆ ಕಿಟಕಿಯ ಮೇಲಿದ್ದ ರೇಡಿಯೊದಲ್ಲಿ ಬ್ಯಾಂಡು ಬಾರಿಸಿತು. ಮುಸೆಂಬೆಯ ಮುಖ ಬದಲಾಯಿತು. ಬ್ಯಾಂಡು ಬಂದರೆ ಹೊಸ ನೇಮಕ ಬಂದ ಹಾಗೆ. ಮಂಡಳಿ ಮನಸ್ಸು ಬದಲಿಸಿತ್ತು: ಯಾರೂ ಅಧಿಕಾರ ವಹಿಸಿಕೊಳ್ಳದೆ ಖಾಲಿ ಉಳಿದಿರುವ ಜಿಲ್ಲೆಗಳಿಗೆ ಈ ಕ್ಷಣದಿಂದಲೇ ಸೈನ್ಯದ ಅಧಿಕಾರಿಗಳು. ಓದುವವನು ಜಿಲ್ಲೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎ ಇಂದ ಹಿಡಿದು ಹೊರಟ; ತಂಬೂರೊ ಬರುವುದು ಟಿ ಗೆ.

ಲೊಕಿರು ಅಲ್ಲೇ ಬೆವತ. ಬೆಳಗ್ಗೆ ಎಂಟಕ್ಕೇ ಮುಗಿಸಿದ್ದರೆ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ, ಆದರೆ ಮುಖದಲ್ಲಿ ಬಂತು. ರಾಮಯ್ಯ ಅದನ್ನು ಓದಿದರು. ರಾಹುವನ್ನು ತಪ್ಪಿಸಲು ಹೋಗಿ ಹುಡುಗನ ಬಾಳಿಗೆ ತಾವೇ ರಾಹುವಾದೆವೇ ಎಂದು ಒಂದು ಗಳಿಗೆ ಅನ್ನಿಸಿ, ಮನಸ್ಸಿನಲ್ಲೇ ಸ್ವಾಮಿಯನ್ನು ನೆನೆದರು. ಆದರೂ ಪಟ್ಟಿ ಬಿಡಲಿಲ್ಲ. ಪಟ್ಟಿ ಅರ್ಧ ಬಿಟ್ಟ ಚಾರ್ಜು ಅರ್ಧ ಕಟ್ಟಿದ ತಾಳಿಯ ಹಾಗೆ, ನಾಳೆ ಯಾರು ಬೇಕಾದರೂ ಬಿಚ್ಚುತ್ತಾರೆ. ಜಿ, ಎಚ್ ದಾಟಿತು. ಬೆಂಚು ಏಳು. ಕೆ ಬಂತು. ಲಾಟೀನು ಮೂರು. ಎಂ ಮುಗಿಯಿತು. ಒಳಗಿನಿಂದ ಅಕ್ಕಯ್ಯಮ್ಮ, ಅವನಿಗೆ ನೀರು ಕೊಡ್ರೀ ಅಂದರು. ರೇಡಿಯೊದವನು ಎನ್‌ನಲ್ಲಿ ಕೆಮ್ಮಿದ. ಇಬ್ಬರು ಗುಮಾಸ್ತರೂ ಆ ಕೆಮ್ಮಿನಲ್ಲಿ ಎಂಟು ಸಾಲು ಮುಗಿಸಿದರು.

ಹನ್ನೆರಡು ಮೂವತ್ತೈದಕ್ಕೆ ಲೊಕಿರು ಸಹಿ ಹಾಕಿ ಫೋಟೊ ಕಳಿಸಿದ. ಮುಸೆಂಬೆ ತನ್ನ ಪುಸ್ತಕದಲ್ಲಿ ಹತ್ತು ಗಂಟೆ ಐದು ನಿಮಿಷ, ಪೂರ್ವಾಹ್ನ ಎಂದು ಬರೆದು, ಮೊಹರಿಗೆ ಉಸಿರು ಊದಿ ಒತ್ತಿದ, ಬೀಗದ ಕೈಗೊಂಚಲನ್ನು ಕುರ್ಚಿಯ ಮೇಲೆ ಫೋನಿನ ಮುಂದೆ ಇಟ್ಟು ಕೈಮುಗಿದ. ಆಮೇಲೆ ಎರಡು ನಿಮಿಷಕ್ಕೆ ರೇಡಿಯೊ ಹೇಳಿತು: ತಂಬೂರೊ, ಮೇಜರ್ ಒಬಾಂಡೊ.

ಮೇಜರ್ ದೂರದಲ್ಲಿರಲಿಲ್ಲ. ಊರಾಚೆಯ ಶಿಬಿರದಿಂದ ಕಾಲು ಗಂಟೆಗೆಲ್ಲ ಜೀಪಿನಲ್ಲಿ ಬಂದ. ಆರಡಿ ಆಳು, ಒಂದು ಕೆನ್ನೆ ಕ್ಷೌರವಾಗಿದೆ, ಇನ್ನೊಂದು ಆಗಿಲ್ಲ. ಕೂರಲು ಹೋದರೆ ಕುರ್ಚಿಯಲ್ಲಿ ಯಾರೋ ಇದ್ದಾರೆ.

ಮುಸೆಂಬೆ ಎದ್ದು ನಿಂತು, ಹುದ್ದೆ ಖಾಲಿಯಿಲ್ಲ, ಸಾಹೇಬರು ಚಾರ್ಜ್ ತೆಗೆದುಕೊಂಡಾಗಿದೆ ಎಂದು ವಿನಯವಾಗಿ ತಿಳಿಸಿದ. ಮೇಜರ್ ಫೋನನ್ನು ದಿಟ್ಟಿಸಿದ. ಫೋನಿನಿಂದ ಲೊಕಿರು ದಿಟ್ಟಿಸಿದ. ಆಗ ರಾಮಯ್ಯ ಪಕ್ಕದಿಂದ ಮುಖ ತೂರಿಸಿ, ಮೂವತ್ತನಾಲ್ಕು ವರ್ಷ ಸಾವಿರಾರು ಜನಕ್ಕೆ ಹೇಳಿದ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು: "ಇವರನ್ನು ಬಿಡುಗಡೆ ಮಾಡಿದ ಆದೇಶ ಇದ್ದರೆ ಕೊಡಿ. ಇಲ್ಲದಿದ್ದರೆ ಬೆಂಚಿನ ಮೇಲೆ ಕೂತಿರಿ."

ಅಚ್ಚರಿ ಏನೆಂದರೆ, ಮೇಜರ್ ಹೋಗಿ ಕೂತ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು ಅನ್ನುವುದು ಎಲ್ಲ ನಾಡಿಗೂ ಗೊತ್ತಿರುವ ಸತ್ಯವಿರಬೇಕು. ಅವನು ಕೇಂದ್ರಕ್ಕೆ ಫೋನ್ ಮಾಡಿದ. ಅಲ್ಲಿ ಯಾರೂ ಎತ್ತಲಿಲ್ಲ, ಶುಕ್ರವಾರ ಕೇಂದ್ರದಲ್ಲಿ ಬೇಗ ಬಾಗಿಲು ಹಾಕುತ್ತಾರಂತೆ.

ಕುರ್ಚಿ ಖಾಲಿ ಬಿಡಬಾರದಲ್ಲ, ಆದ್ದರಿಂದ ಊಟವೂ ಲ್ಯಾಪ್‌ಟಾಪಿನ ಮುಂದೆಯೇ ಆಯಿತು. ಅಕ್ಕಯ್ಯಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಬೆಂಚಿನಿಂದ ಮೇಜರ್ ಕತ್ತು ಚಾಚಿ, ಆ ಕಪ್ಪಗಿನ ಉಂಡೆ ಏನು ಎಂದು ಕೇಳಿದ. ರಾಗಿ ಎಂದು ಕಾಳು ತೋರಿಸಿದರೆ, ಇದನ್ನು ನನ್ನ ತಾಯಿಯೂ ಬೆಳೆಯುತ್ತಿದ್ದಳು, ಹೀಗೇ ತೊಳಸುತ್ತಿದ್ದಳು ಎಂದು ಎದ್ದು ಬಂದು ಫೋನಿನ ಹತ್ತಿರ ಕೂತ. ನುಂಗುತ್ತೀರೋ ಅಗಿಯುತ್ತೀರೋ ಎಂದು ಅಕ್ಕಯ್ಯಮ್ಮ ಲೊಕಿರುವಿನಿಂದ ಕೇಳಿಸಿದರು. ನುಂಗುವುದೇ ಸರಿ ಎಂದ. ಆಮೇಲೆ ಅವನ ಮಾತು ತಾನಾಗಿ ಹರಿಯಿತು. ತಾನು ಟ್ಯಾಂಕುಗಳ ಎಂಜಿನ್ ಬಿಚ್ಚಿ ಕಟ್ಟುವವನು. ಬೆಳಗ್ಗೆ ಕ್ಷೌರ ಮಾಡಿಕೊಳ್ಳುವಾಗ ರೇಡಿಯೊದಲ್ಲಿ ತನ್ನ ಹೆಸರು ಬಂತು, ಕತ್ತಿ ಕೈಯಲ್ಲೇ ನಿಂತಿತು. ಬಾವಿ, ಕಂದಾಯ, ಆಡು ಇವು ತನಗೆ ತಿಳಿಯವು. ಬೇಡ ಎಂದರೆ ಆಜ್ಞೆ ಮೀರಿದ ಹಾಗೆ. ಹೂಂ ಎಂದರೆ ಜನ ಬಂದು ನೀರು ಕೇಳುತ್ತಾರೆ.

ರಾಮಯ್ಯ ಕೈ ತೊಳೆದು ಬಂದು ಲೊಕಿರುವಿನ ಮುಂದೆ ಬಿಳಿ ಹಾಳೆ ಇಟ್ಟರು. ತಂಬೂರೊ ಜಿಲ್ಲಾಧಿಕಾರಿಯ ಮೊದಲ ಆದೇಶ: ಮೇಜರ್ ಒಬಾಂಡೊ ಅವರು ನೇಮಕದ ಮೇರೆಗೆ ಹಾಜರಾದರು, ಹುದ್ದೆ ಖಾಲಿ ಇಲ್ಲದಿದ್ದರಿಂದ ಗೌರವಪೂರ್ವಕವಾಗಿ ಮೂಲ ಘಟಕಕ್ಕೆ ಹಿಂತಿರುಗಿಸಲಾಗಿದೆ. ಮುಸೆಂಬೆ ಅದನ್ನು ಟೈಪ್ ಮಾಡಿ ಮೊಹರು ಒತ್ತಿ ಕೊಟ್ಟ. ಒಂಬತ್ತು ವಾರದಲ್ಲಿ ಮೇಜರನ ಕೈಗೆ ಬಂದ ಮೊದಲ ಕಾಗದ ಅದು. ಎರಡು ಸಲ ಓದಿದ, ಮಡಿಸಿ ಎದೆಯ ಜೇಬಿಗಿಟ್ಟ, ಕುರ್ಚಿಯ ಮೇಲಿನ ಫೋನಿಗೆ ನೆಲ ಅದುರುವ ಹಾಗೆ ಸಲ್ಯೂಟ್ ಹೊಡೆದ. ಫೋನು ದಿಂಬಿನಿಂದ ಜಾರಿ ಬಿತ್ತು. ಮೇಜರನೇ ಎತ್ತಿ, ತೋಳಿನಿಂದ ಒರೆಸಿ, ಮತ್ತೆ ಕೂರಿಸಿದ. ಜೀಪಿನಲ್ಲಿ ಹೋಗುವಾಗ ಹಾಡುತ್ತಿದ್ದನಂತೆ, ಮುಸೆಂಬೆ ವರದಿ ಮಾಡಿದ.

ಲೊಕಿರು ನಗಲು ಶುರುಮಾಡಿದವನು ನಿಲ್ಲಿಸಲಾರದೆ ಹೋದ. ಅಕ್ಕಯ್ಯಮ್ಮ ಸೆರಗು ಬಾಯಿಗಿಟ್ಟುಕೊಂಡರು, ರಾಮಯ್ಯನವರ ಕನ್ನಡಕ ಮಂಜಾಯಿತು. ಮೂವರೂ ನಕ್ಕು ಸುಸ್ತಾಗಿ ಉಸಿರು ತೆಗೆದುಕೊಳ್ಳುವಾಗ, ಮುಸೆಂಬೆ ಮೆಲ್ಲಗೆ ಕೆಮ್ಮಿ, ಸಾರ್, ಅಂಗಳದಲ್ಲಿ ನಲವತ್ತು ಜನ ಇದ್ದಾರೆ ಎಂದ. ಕಚೇರಿಯಲ್ಲಿ ಸಾಹೇಬರು ಕೂತಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಎಲ್ಲ ಬಾವಿಯ ತಕರಾರು.

ಲೊಕಿರು ಕಣ್ಣೊರೆಸಿಕೊಂಡು ಕೋಟಿನ ಗುಂಡಿ ಹಾಕಿದ. ಮಹಡಿಗೆ ಓಡಿ ತನ್ನ ಬರಹದ ಕಟ್ಟನ್ನು ಎದೆಗವಚಿ ತಂದ. ಅಕ್ಕಯ್ಯಮ್ಮ ತಟ್ಟೆಗಳನ್ನೆತ್ತಿ, ಮೇಜನ್ನು ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಕಟ್ಟಿಗೆ ಜಾಗ ಮಾಡಿದರು. ಪರದೆಯಲ್ಲಿ ಒಬ್ಬ ಮುದುಕಿ ಕೊಡ ಕೆಳಗಿಟ್ಟು, ಕುರ್ಚಿಯನ್ನು ಅನುಮಾನದಿಂದ ನೋಡಿ, ಬಗ್ಗಿ ಮುಖವನ್ನು ಹತ್ತಿರ ತಂದಳು.

ಲೊಕಿರು ತನ್ನ ಭಾಷೆಯಲ್ಲಿ ಏನೋ ಕೇಳಿದ. ರಾಮಯ್ಯನವರಿಗೆ ಆ ಭಾಷೆ ಬಾರದು. ಆದರೂ ಆ ಪ್ರಶ್ನೆ ಅವರಿಗೆ ಗೊತ್ತಿತ್ತು: ನಿಮ್ಮ ಹೆಸರೇನು, ಊರು ಯಾವುದು. ಮುದುಕಿ ಹೇಳತೊಡಗಿದಳು, ಅವನು ಕಟ್ಟು ಬಿಚ್ಚಿ ಪುಟ ಹುಡುಕತೊಡಗಿದ.