ಎಡ ಅಂಚಿನ ಹೆಬ್ಬೆರಳು

ಮಧ್ಯಾಹ್ನ ಮೂರೂ ಕಾಲಿಗೆ ಭಾವ ಅಂಚು ಕತ್ತರಿಸದ, ಕ್ರಾಪ್ ಮಾಡದ ಮೂಲ ಚಿತ್ರ ಕಳಿಸಿದ. ಐದು ಗಂಟೆಗೆ ಭಾನುವಾರದ ಪುರವಣಿಯ ಮುಖಪುಟ ಅಚ್ಚಿಗೆ ಹೋಗಬೇಕಿತ್ತು.

ಪುರವಣಿಯ ಪುಟ ಕಟ್ಟುವವಳನ್ನು ಕಚೇರಿಯಲ್ಲಿ ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಚಿತ್ರದಲ್ಲಿ ಬೇಡದ್ದನ್ನು ತೆಗೆದು ಹಾಕುವುದರಲ್ಲಿ ಅವಳದು ಎತ್ತಿದ ಕೈ. ಮಂತ್ರಿಯ ಪಕ್ಕದ ಕಸದ ಬುಟ್ಟಿ, ಮದುಮಗಳ ಹಿಂದೆ ಬಾಯಿ ತೆರೆದು ಆಕಳಿಸುವ ಮುದುಕ, ಎಲ್ಲ ಅವಳ ಪರದೆಯಲ್ಲಿ ಹೇಳಹೆಸರಿಲ್ಲದೆ ಹೋಗುತ್ತಿದ್ದವು. ಅವಳ ಭಾವ, ಅಕ್ಕನ ಗಂಡ, ಕೆಲವು ವರ್ಷಗಳಿಂದ ಕ್ಯಾಮೆರಾ ಹೊತ್ತು ಹಾಡುಹಕ್ಕಿಗಳ ಬೆನ್ನು ಬಿದ್ದಿದ್ದ. ಅವನ ಚಿತ್ರ ಎಲ್ಲೂ ಅಚ್ಚಾಗಿರಲಿಲ್ಲ.

ಬೆಳಿಗ್ಗೆ ಅವನು ಕಳಿಸಿದ ಚಿತ್ರ ನೋಡಿ ಸಂಪಾದಕರು ಕುರ್ಚಿ ಬಿಟ್ಟು ಎದ್ದಿದ್ದರು. ಬರಿಯ ಕಡ್ಡಿಯ ಮೇಲೆ ಉಲಿಯಕ್ಕಿಯೆಂಬ ಪುಟ್ಟ ಹಾಡುಹಕ್ಕಿಯ ಮೂರು ಮರಿಗಳು, ಹೆಬ್ಬೆರಳಿನಷ್ಟೂ ಇಲ್ಲ, ಭುಜಕ್ಕೆ ಭುಜ ತಾಗಿಸಿ ಕೂತಿದ್ದವು. ಮೂರರ ಬಾಯಿಯೂ ತೆರೆದಿತ್ತು. ಮೇಲಿನಿಂದ ಬಾಗಿದ ತಾಯಿಯ ಕೊಕ್ಕಿನಲ್ಲಿ ಹಸಿರು ಹುಳ. ತೊಂದರೆ ಒಂದೇ. ಭಾವ ತಾನೇ ಬಿಗಿಯಾಗಿ ಕ್ರಾಪ್ ಮಾಡಿಬಿಟ್ಟಿದ್ದ. ಕತ್ತರಿ ಫೋನು ಮಾಡಿದ್ದಳು.

"ತಾಯಿಹಕ್ಕಿ ನೆತ್ತಿ ಮೇಲಂಚಿಗೆ ಬಡೀತಿದೆ ಭಾವ. ಪತ್ರಿಕೆ ಹೆಸರು ಎಲ್ಲಿ ಕೂರಿಸ್ಲಿ, ಅದರ ತಲೆ ಮೇಲಾ?"

"ಅಯ್ಯೋ ನಾದಿನಿ, ಮೊದಲೇ ಹೇಳೋದಲ್ವಾ? ಪೂರ್ತಿದು ಕಳಿಸ್ತೀನಿ. ಮೇಲೆ ಬೇಕಾದಷ್ಟು ಜಾಗ ಇದೆ. ಕೆಳಗೆ ಒಂಚೂರು ಗಲೀಜಿದೆ, ತೆಗೆದುಬಿಡು. ನಿಂಗೇನು ಹೇಳ್ಕೊಡಬೇಕಾ?"

ಬಂದ ಮೂಲ ಚಿತ್ರದಲ್ಲಿ ಮೇಲೆ ನಿಜಕ್ಕೂ ಜಾಗವಿತ್ತು. ಅವಳು ಅಭ್ಯಾಸಬಲದಿಂದ ಉದ್ದನೆಯ ಚೌಕಟ್ಟು ಎಳೆದಳು. ಕಡ್ಡಿ ಕೆಳಗಿನ ಮೂರನೇ ಒಂದು ಭಾಗಕ್ಕೆ ಬಂತು, ಹಿಂದಿನ ಎಲೆಗಳು ಮಸುಕು ಹಸಿರಾಗಿ ಹರಡಿಕೊಂಡವು, ತಾಯಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮಿನುಗಿತು. ಒಂದು ಗೆರೆಯನ್ನೂ ಅತ್ತಿತ್ತ ಸರಿಸುವಂತಿರಲಿಲ್ಲ. ತನ್ನ ಕೆಲಸಕ್ಕೆ ತಾನೇ ತಲೆದೂಗುತ್ತ, ಅವಳು ಚೌಕಟ್ಟಿನ ಹೊರಗೆ ಉಳಿದದ್ದನ್ನು ನೋಡಿದಳು.

ಕಡ್ಡಿ ಯಾವ ಮರಕ್ಕೂ ಸೇರಿದ್ದಲ್ಲ. ಅದರ ಬಲ ತುದಿಯನ್ನು ಟ್ರೈಪಾಡಿಗೆ ತಂತಿಯಿಂದ ಬಿಗಿದಿದ್ದರು. ಕೆಳಗೆ ಹುಲ್ಲಿನ ಮೇಲೆ, ಎಲೆ ಸಮೇತ ಕಿತ್ತ ಗೂಡು ಮಗುಚಿ ಬಿದ್ದಿತ್ತು. ಪಕ್ಕದಲ್ಲಿ ಅಂಟಿನ ಟ್ಯೂಬು, ಮುಚ್ಚಳ ತೆಗೆದದ್ದು. ಅವಳು ಚಿತ್ರ ಹಿಗ್ಗಿಸಿದಳು. ಮರಿಗಳ ರೆಕ್ಕೆಯ ಗರಿ ಇನ್ನೂ ಕೊಳವೆ ಬಿಟ್ಟು ಬಿಚ್ಚಿರಲಿಲ್ಲ. ಕಡ್ಡಿ ಹಿಡಿದು ಕೂರುವ ವಯಸ್ಸೇ ಅವಕ್ಕಾಗಿರಲಿಲ್ಲ. ಕಾಲ ಸುತ್ತ ಅಂಟು ಗಾಜಿನ ಹಾಗೆ ಹೊಳೆಯುತ್ತಿತ್ತು. ನಡುವಿನ ಮರಿಯ ಕಾಲು ಹಿಂದುಮುಂದಾಗಿ ತಿರುಚಿಕೊಂಡಿತ್ತು. ಗೂಡಿನ ಪಕ್ಕ ನಾಲ್ಕನೆಯದೊಂದು ಮರಿ ಅಂಗಾತ ಬಿದ್ದಿತ್ತು. ಅದರ ಕಣ್ಣಿಗೆ ಇರುವೆ ಮುತ್ತಿದ್ದವು.

ಅವಳು ಮೌಸಿನಿಂದ ಕೈ ತೆಗೆದು ದುಪಟ್ಟಾಕ್ಕೆ ಒರೆಸಿಕೊಂಡಳು, ಅಂಟು ತನ್ನ ಬೆರಳಿಗೇ ಮೆತ್ತಿದಂತೆ.

ಆಮೇಲೆ ಎಡ ಅಂಚಿನ ಕೈ ಕಂಡಿತು. ಕಡ್ಡಿಯ ಇನ್ನೊಂದು ತುದಿ ಅಲುಗದಂತೆ ಹಿಡಿದಿದ್ದ ಕೈ. ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಪಾಲಾಗಿತ್ತು. ಚಿಕ್ಕಂದಿನಲ್ಲಿ ತಂಗಿಯ ಕೈ ಬಾಗಿಲ ಸಂದಿಗೆ ಸಿಕ್ಕೀತೆಂದು ಅಕ್ಕ ಅಡ್ಡ ಕೊಟ್ಟ ಬೆರಳು ಅದು. ಜಗತ್ತಿನಲ್ಲಿ ಅಂಥ ಉಗುರು ಇನ್ನೊಂದಿರಲಿಲ್ಲ.

ಅವಳು ಮೆಟ್ಟಿಲಿಗೆ ಹೋಗಿ ಅಕ್ಕನಿಗೆ ಫೋನು ಹಚ್ಚಿದಳು.

"ಕಡ್ಡಿ ಹಿಡ್ಕೊಂಡಿದ್ದು ನೀನೇನಾ?"

"ಹೂಂ ಕಣೆ, ಕೈ ಬಿದ್ದೋಯ್ತು! ಉಸಿರು ಬಿಡ್ಬೇಡ ಅಂತ ಇವರು ಬೇರೆ ಬಯ್ತಿದ್ರು." ಅಕ್ಕ ನಕ್ಕಳು. "ಹೆಂಗಿದೆ, ಮುಖಪುಟ ಗ್ಯಾರಂಟಿ ತಾನೇ? ಆಫೀಸಿನವರಿಗೆಲ್ಲ ಹೇಳ್ಬಿಟ್ಟಿದಾರೆ."

"ಅಂಟು ಹಾಕಿದಾರಲ್ಲೇ, ಅಕ್ಕ."

"ನಿಲ್ತಾನೇ ಇರ್ಲಿಲ್ಲ ಅವು. ಉರುಳಿ ಉರುಳಿ ಬೀಳೋವು."

"ಕೆಳಗೆ ಸತ್ತಿರೋದು?"

"ಅದು ಮೊದಲೇ ಬಡಕಲು."

"ಉಳಿದದ್ದನ್ನ ಆಮೇಲೆ ಬಿಡಿಸಿ ಗೂಡಿಗೆ ಇಟ್ರಾ?"

"ಬಿಸಿಲೇರಿತ್ತು. ಅವರಿಗೂ ಹಸಿವಾಗಿತ್ತು, ಮನೆಗೆ ಬಂದ್ವಿ." ಅಕ್ಕ ಧ್ವನಿ ಇಳಿಸಿದಳು. "ನೋಡೇ ಪುಟ್ಟಿ, ಅವರ ಮುಖ ಇಷ್ಟು ಅರಳಿದ್ದು ನಾನು ಮದುವೆಯಾದ ಮೇಲೆ ನೋಡೇ ಇಲ್ಲ. ಹಕ್ಕಿ ತಾನೇ? ನಿನಗೆ ನಾನು ಬೇಕೋ ಬೇಡ್ವೋ ಅನ್ನೋದನ್ನ ಯೋಚನೆ ಮಾಡಿ ಕೆಲಸ ಮಾಡು."

ಕತ್ತರಿಗೆ ತನ್ನ ಜಡೆ ಹೆಣೆಯುತ್ತಿದ್ದ ಆ ಬೆರಳುಗಳು ನೆನಪಾದವು. ನೆತ್ತಿಯ ಚರ್ಮ ಜುಮ್ಮೆಂದಿತು. ಬಚ್ಚಲಿಗೆ ಹೋಗಿ ಕೈಗೆ ಸೋಪು ಹಚ್ಚಿ ಉಜ್ಜಿದಳು.

ಸಂಪಾದಕರು ಅವಳ ಪರದೆಯ ಮುಂದೆ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದರು. ಚಿತ್ರವಿಡೀ ತೆರೆದೇ ಇತ್ತು.

"ಛೀ, ಛೀ," ಎಂದರು. ಆಮೇಲೆ ಬಗ್ಗಿ, ಅವಳು ಎಳೆದ ಚೌಕಟ್ಟನ್ನು ದಿಟ್ಟಿಸಿದರು. "ಆದ್ರೆ ನಿನ್ನ ಕ್ರಾಪು ಅದ್ಭುತವಾಗಿದೆ ಕಣಮ್ಮ. ಈ ಗಲೀಜು ಯಾವುದೂ ಇದರೊಳಗೆ ಬರಲ್ಲ. ಕಾಲಿನ ಹತ್ರ ಒಂಚೂರು ಮಬ್ಬು ಮಾಡು, ಕಳಿಸು."

"ನಾನು ಮಾಡಲ್ಲ ಸರ್."

"ಮಾಡಿಬಿಟ್ಟಿದೀಯಲ್ಲ!"

ಅವಳು ಕೈ ಚಾಚಿ ಚೌಕಟ್ಟು ಅಳಿಸಿದಳು. "ಹಾಕೋದಾದ್ರೆ ಪೂರ್ತಿ ಹಾಕಿ. ಹೇಗೆ ತೆಗೆದ್ರು ಅಂತ ಪಕ್ಕದಲ್ಲಿ ನಾನು ಬರೀತೀನಿ."

"ಭಾನುವಾರ ಬೆಳಿಗ್ಗೆ ಜನ ಕಾಫಿ ಕುಡೀತಾ ಇರುವೆ ತಿಂದ ಕಣ್ಣು ನೋಡ್ಬೇಕಾ? ಭಾವನ ಮೇಲೆ ಏನು ಸಿಟ್ಟಿದ್ಯೋ, ಮನೇಲಿ ತೀರಿಸ್ಕೋ. ಪುಟಕ್ಕೆ ತರ್ಬೇಡ."

"ಕ್ರಾಪ್ ಮಾಡಿ ಹಾಕಿದ್ರೆ, ಪೂರ್ತಿದು ಸೋಮವಾರ ನಾನೇ ಹೊರಗೆ ಬಿಡ್ತೀನಿ."

ಸಂಪಾದಕರು ಹಲ್ಲುಕಡ್ಡಿ ಬಾಯಿಂದ ತೆಗೆದರು. ಅವರ ಮುಖದಲ್ಲಿ ಅಸಹ್ಯ ಈಗ ನಿಜವಾಗಿ ಮೂಡಿತು. ಅದು ಅವಳ ಮೇಲಿನದು. "ಎಲ್ಲಾ ಬಿಟ್ಟು ನಿನ್ನ ಕೈಲಿ ಸಿಕ್ಕಿಹಾಕ್ಕೊಂಡ್ವಲ್ಲ," ಎಂದು ಗೊಣಗಿ ತಮ್ಮ ಕೋಣೆಗೆ ನಡೆದರು.

ಭಾನುವಾರದ ಮುಖಪುಟದಲ್ಲಿ ರೈಲು ನಿಲ್ದಾಣದ ಹಳೆಯ ಗಡಿಯಾರ ಬಂತು. ಭಾವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಬಿಡು." ಅಕ್ಕ ಅಂದಿನಿಂದ ತಂಗಿಯ ಕರೆ ಎತ್ತಲಿಲ್ಲ.

ಮುಂದಿನ ಭಾನುವಾರ ಬೇರೊಂದು ಪತ್ರಿಕೆಯ ಪುರವಣಿಯಲ್ಲಿ ಮರಿಗಳು ಬಂದವು. ಮುಖಪುಟ, ಪೂರ್ತಿ ಅಗಲ, ಶೀರ್ಷಿಕೆ 'ತಾಯಿಯ ಕರುಳು'. ಅಲ್ಲಿ ಪುಟ ಕಟ್ಟಿದವರು ಕೆಳಗಿನದನ್ನೆಲ್ಲ ತೆಗೆದಿದ್ದರು, ಎಡ ಅಂಚನ್ನು ಸರಿಯಾಗಿ ನೋಡಿರಲಿಲ್ಲ. ಕಡ್ಡಿಯ ತುದಿಯಲ್ಲಿ ಸೀಳಿದ ಉಗುರಿನ ಒಂದು ಪಾಲು ಉಳಿದುಕೊಂಡಿತ್ತು. ಅದರ ಮರುವಾರ ಆ ಪತ್ರಿಕೆಯ ಓದುಗರ ಅಂಕಣದಲ್ಲಿ ಚಿತ್ರ ಮೆಚ್ಚಿ ಹನ್ನೊಂದು ಪತ್ರ ಅಚ್ಚಾದವು. ಬೆರಳಿನ ಬಗ್ಗೆ ಒಬ್ಬರೂ ಬರೆದಿರಲಿಲ್ಲ.