ಕಾರ್ಡಿನಲ್ಲಿದ್ದ ಹೆಸರು

ಕೊಟ್ಟಿಗೆಹಾರದಿಂದ ಎರಡು ಮೈಲಿ ಒಳಗೆ ಮೂರೆಕರೆ ರೋಬಸ್ಟಾ ಕಾಫಿ ಇಟ್ಟುಕೊಂಡು, ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸವನ್ನೂ ಮಾಡಿಕೊಂಡಿದ್ದ ದೇವರಾಜನ ಹೆಂಡತಿಯನ್ನು ಎಲ್ಲರೂ ಮಂಗಳಾ ಎಂದೇ ಕರೆಯುತ್ತಿದ್ದರು. ರೇಷನ್ ಕಾರ್ಡಿನಲ್ಲಿ, ವೋಟಿನ ಪಟ್ಟಿಯಲ್ಲಿ ಮಂಗಳೇಶ್ವರಿ ಎಂದಿತ್ತು. ಅದು ತನ್ನ ಹೆಸರಲ್ಲ ಎಂಬುದು ಇಂಡಿಯಾದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದ ಇನ್ನಿಬ್ಬರು ತೀರಿಹೋಗಿದ್ದರು.

ಅವಳು ಹುಟ್ಟಿದ್ದು ಸಿಲೋನಿನಲ್ಲಿ, ಹಟನ್ ಪೇಟೆಯ ಹತ್ತಿರದ ಟೀ ತೋಟದ ಕೂಲಿಯವರ ಲೈನ್ ಮನೆಯೊಂದರಲ್ಲಿ. ಇಟ್ಟ ಹೆಸರು ಯೋಗೇಶ್ವರಿ. ಅವಳು ನಡೆಯಲು ಕಲಿಯುವ ಮೊದಲೇ ಅಪ್ಪ ಸತ್ತಿದ್ದ. ಅಮ್ಮ ವಳ್ಳಿಯಮ್ಮ ಎಲೆ ಕೊಯ್ಯುತ್ತಿದ್ದಳು. ಪಕ್ಕದ ಬಾಗಿಲೇ ಅಮ್ಮನ ಅಣ್ಣ ಆರುಮುಗನದು. ಅವರ ಮುತ್ತಜ್ಜಂದಿರು ತಮಿಳುನಾಡಿನಿಂದ ಹೋದವರು. ಮೂರು ತಲೆಮಾರು ದುಡಿದ ಮೇಲೆ, ನೀವು ಈ ದೇಶದವರಲ್ಲ ಎಂದು ಅಲ್ಲಿಯವರು ಹೇಳಿದರು. ಎರಡು ಸರ್ಕಾರಗಳು ಕೂತು ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ ಎಂದು ಹಂಚಿಕೊಂಡವು. ಆರುಮುಗನ ಸಂಸಾರ ಇಂಡಿಯಾದ ಪಾಲಿಗೆ ಬಂತು. ವಳ್ಳಿಯಮ್ಮನ ಅರ್ಜಿ ಮಾತ್ರ ಯಾವ ಕಡೆಗೂ ಸೇರದೆ ಯಾವುದೋ ಆಫೀಸಿನಲ್ಲಿ ಉಳಿಯಿತು.

ಎಂಬತ್ತಮೂರರಲ್ಲಿ ಆರುಮುಗನಿಗೆ ಹಡಗು ಹತ್ತಲು ಕಾರ್ಡು ಬಂತು. ಅದರಲ್ಲಿ ಮೂರು ಹೆಸರುಗಳಿದ್ದವು: ಅವನದು, ಹೆಂಡತಿಯದು, ಹದಿಮೂರು ವರ್ಷದ ಮಗಳು ಮಂಗಳೇಶ್ವರಿಯದು. ಇನ್ನು ಇಪ್ಪತ್ತು ದಿನ ಇದೆ ಎನ್ನುವಾಗ ಆ ಹುಡುಗಿ ಜ್ವರ ಬಂದು ಸತ್ತಳು. ಅದೇ ವಾರ ಗಲಭೆಯೆದ್ದು ಪಕ್ಕದ ತೋಟದ ಲೈನುಗಳಿಗೆ ಬೆಂಕಿ ಬಿತ್ತು. ವಳ್ಳಿಯಮ್ಮ ಅದೇ ವಯಸ್ಸಿನ ತನ್ನ ಮಗಳ ಕೈಹಿಡಿದು ಅಣ್ಣನ ಮನೆಗೆ ನಡೆದಳು. "ಕಾರ್ಡಿನ ಫೋಟೊದಲ್ಲಿ ಎರಡು ಜಡೆಯ ಹುಡುಗಿ ಇದ್ದಾಳೆ. ಇವಳಿಗೂ ಎರಡು ಜಡೆ ಇದೆ. ಕರಕೊಂಡು ಹೋಗು," ಎಂದಳು.

ಹಾಗೆ ಬಂದವಳು ಅವಳು. ಆರುಮುಗನಿಗೆ ಮೂಡಿಗೆರೆ ಕಡೆಯ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು. ಸೋದರಮಾವನನ್ನು ಅಪ್ಪ ಎಂದು, ಅವನ ಹೆಂಡತಿಯನ್ನು ಅಮ್ಮ ಎಂದು ಕರೆಯುವುದು ಅಭ್ಯಾಸವಾಯಿತು. ಹೆಸರು ಮಾತ್ರ ಬೇಗ ಹೊಂದಿಕೊಳ್ಳಲಿಲ್ಲ. ಅಲ್ಲಿನ ರೈಟರ್ ದೇವರಾಜ ಹಾಜರಿ ಪುಸ್ತಕ ಹಿಡಿದು "ಮಂಗಳೇಶ್ವರಿ" ಎಂದು ಕೂಗಿದಾಗ ಅವಳು ಸ್ವಲ್ಪ ತಡವಾಗಿ ಓಗೊಡುತ್ತಿದ್ದಳು. ಅವನು ಅದನ್ನು ನಾಚಿಕೆ ಎಂದುಕೊಂಡ. ತೊಂಬತ್ತೊಂದರಲ್ಲಿ ಮನೆಯವರ ವಿರೋಧ ಕಟ್ಟಿಕೊಂಡು ಅವಳನ್ನೇ ಮದುವೆಯಾದ. ಅವನ ತಾಯಿ ಪಾಪಮ್ಮ ಎರಡು ವರ್ಷ ಸೊಸೆಯನ್ನು ಮಾತಾಡಿಸಲಿಲ್ಲ. ಮೊಮ್ಮಗಳು ಧನ್ಯಾ ಹುಟ್ಟಿದ ಮೇಲೆ ಮಾತು ತಾನಾಗಿಯೇ ಶುರುವಾಯಿತು.

ಗಂಡನಿಗೆ ಹೇಳಬೇಕು ಎಂದು ಮಂಗಳಾಗೆ ಎಷ್ಟೋ ಸಲ ಅನಿಸಿತ್ತು. ಆದರೆ ಒಂದೊಂದು ವರ್ಷ ಕಳೆದ ಹಾಗೂ ಆ ಹೆಸರಿನ ಮೇಲೆ ಇನ್ನೊಂದು ಕಾಗದ ಏರುತ್ತಿತ್ತು. ಮದುವೆಯ ಕಾಗದ, ಮಗಳ ಜನನಪತ್ರ, ಜಂಟಿ ಮಾಡಿಸಿದ ತೋಟದ ಪಹಣಿ, ಎಲ್ಲವೂ ಸತ್ತವಳ ಹೆಸರಿಗೇ ಆದವು. ವಳ್ಳಿಯಮ್ಮನಿಂದ ವರ್ಷಕ್ಕೊಂದೆರಡು ಕಾಗದ ಬರುತ್ತಿದ್ದವು, "ನಿನ್ನ ಅತ್ತೆ" ಎಂದು ಸಹಿಯಾಗಿ. ಕಾಗದದ ಲೆಕ್ಕದಲ್ಲಿ ಅವಳು ಆರುಮುಗನ ತಂಗಿ, ಮಂಗಳಾಗೆ ಸೋದರತ್ತೆ.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಬಂದ ಕಾಗದ ಬೇರೆ ಥರ ಇತ್ತು. ಅಲ್ಲಿ ಯುದ್ಧ ನಿಂತಿದೆ, ತೋಟದ ಜನರಿಗೆಲ್ಲ ಪೌರತ್ವ ಕೊಟ್ಟಿದ್ದಾರೆ, ನನಗೂ ಪಾಸ್‌ಪೋರ್ಟ್ ಆಗಿದೆ, ರಾಮೇಶ್ವರಕ್ಕೆ ಯಾತ್ರೆ ಹೊರಟವರ ಜೊತೆ ಬರುತ್ತಿದ್ದೇನೆ, ನಡುವೆ ಹತ್ತು ದಿನ ನಿನ್ನ ಮನೆಯಲ್ಲಿ ಇರುತ್ತೇನೆ ಎಂದಿತ್ತು.

ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮುದುಕಿಯನ್ನು ಮಂಗಳಾ ಗುರುತು ಹಿಡಿದದ್ದು ನಡಿಗೆಯಿಂದ. ಬೆನ್ನ ಮೇಲೆ ಬುಟ್ಟಿ ಇಲ್ಲದಿದ್ದರೂ ಮುಂದಕ್ಕೆ ಬಾಗಿಯೇ ನಡೆಯುತ್ತಿದ್ದಳು. ಇಪ್ಪತ್ತು ವರ್ಷಗಳ ಮೇಲೆ ಎದುರು ನಿಂತ ತಾಯಿಗೆ, ಪಕ್ಕದಲ್ಲಿ ಗಂಡನಿದ್ದುದರಿಂದ, ಅವಳು "ಬನ್ನಿ ಅತ್ತೆ" ಎಂದಳು. ವಳ್ಳಿಯಮ್ಮ ತಲೆಯಾಡಿಸಿ ಅವಳ ಗಲ್ಲ ಮುಟ್ಟಿದಳು, ಅಷ್ಟೆ.

ಮನೆಯಲ್ಲಿ ಮುದುಕಿಯನ್ನು ಸರಿಯಾದ ಸಂಬಂಧದಿಂದ ಕರೆದವಳು ಧನ್ಯಾ ಒಬ್ಬಳೇ. ಹತ್ತು ವರ್ಷದ ಹುಡುಗಿ, ವಯಸ್ಸಾದವರೆಲ್ಲ ಅವಳಿಗೆ ಅಜ್ಜಿ. "ಅಜ್ಜಿ, ಅಜ್ಜಿ" ಎಂದು ಹಿಂದೆಯೇ ಸುತ್ತುತ್ತಿದ್ದಳು. ಪಾಪಮ್ಮ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಸೊಸೆಗೆ ಹೇಳಿದಳು, "ನಿಮ್ಮತ್ತೆ ಅನ್ನ ಕಲಸೋದು ನೋಡಿದ್ಯೇನೆ? ಥೇಟ್ ನಿನ್ನ ಹಾಗೇ. ಬೆರಳು ಕೂಡ ಅದೇ."

"ಒಂದೇ ಮನೇಲಿ ಬೆಳ್ದಿದ್ದಲ್ವಾ ಅತ್ತೆ," ಎಂದಳು ಮಂಗಳಾ.

ಪಾಪಮ್ಮ ಹೂಂ ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಐದನೆಯ ದಿನ ಕಣದಲ್ಲಿ ಒಣಹಾಕಿದ್ದ ಕಾಫಿಹಣ್ಣನ್ನು ಹರಡುತ್ತಿದ್ದಾಗ ತಾಯಿ ಮಗಳು ಇಬ್ಬರೇ ಉಳಿದರು. ವಳ್ಳಿಯಮ್ಮ ಸೆರಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆದ ಜನನಪತ್ರ. ಯೋಗೇಶ್ವರಿ, ತಾಯಿ ವಳ್ಳಿಯಮ್ಮ.

"ಇದನ್ನು ತೋರಿಸಿದರೆ ನೀನು ಅಲ್ಲಿಯವಳು ಅಂತ ಬರೆದುಕೊಳ್ಳುತ್ತಾರಂತೆ. ನಿನ್ನ ಹೆಸರಲ್ಲೇ. ಒಂದು ಸಲ ಬಂದು ಹೋಗು," ಎಂದಳು ತಮಿಳಿನಲ್ಲಿ.

"ಯಾವ ಹೆಸರಲ್ಲಿ ಬರಲಿ? ಮಂಗಳೇಶ್ವರಿಯಾಗಿ ಬಂದರೆ ಅಲ್ಲಿ ನಿನ್ನ ಮಗಳಲ್ಲ. ಯೋಗೇಶ್ವರಿ ಅಂತ ಹೇಳಿಕೊಂಡರೆ ಇಲ್ಲಿ ಕಳ್ಳತನದಲ್ಲಿ ಬಂದವಳು. ಮನೆ, ಗಂಡ, ಮಗಳು, ಯಾವುದೂ ನನ್ನದಲ್ಲ ಅಂತಾರೆ." ಅವಳು ಬಗ್ಗಿ ಹಣ್ಣು ಹರಡುತ್ತಲೇ ಕೇಳಿದಳು. "ನನ್ನನ್ನು ಯಾಕೆ ಕಳಿಸಿದೆ ಅಮ್ಮಾ?"

ಆ ಪದ ಬಾಯಿಂದ ಬಂದದ್ದೇ ತಡ, ಇಬ್ಬರೂ ಬೆದರಿ ಜಗಲಿಯ ಕಡೆ ನೋಡಿದರು. ವಳ್ಳಿಯಮ್ಮ ಕಾಗದವನ್ನು ಮತ್ತೆ ಮಡಿಸಿದಳು. "ಬೆಂಕಿ ನೋಡಿದ್ದೆ. ನೀನು ಬದುಕಿದ್ದರೆ ಸಾಕು ಅನಿಸಿತ್ತು. ಆಮೇಲಿನದನ್ನು ಯೋಚಿಸಲಿಲ್ಲ," ಎಂದಳು.

ಮಾರನೆಯ ಬೆಳಿಗ್ಗೆ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಸಿದ್ದಬಸಪ್ಪ ಬಂದ. ಆ ವರ್ಷ ಘಟ್ಟದ ಕಾಡಿನಲ್ಲಿ ನಕ್ಸಲರು ಓಡಾಡುತ್ತಿದ್ದಾರೆಂಬ ಸುದ್ದಿಯಿತ್ತು. ಊರಿಗೆ ಹೊಸಬರು ಯಾರೇ ಬಂದರೂ ಠಾಣೆಗೆ ತಿಳಿಯುತ್ತಿತ್ತು. ಸಿದ್ದಬಸಪ್ಪ ಕಡೂರು ಕಡೆಯವನು, ಗಟ್ಟಿ ದನಿ, ಕೆಟ್ಟ ಮನುಷ್ಯನಲ್ಲ. ಜಗಲಿಯಲ್ಲಿ ಕೂತು ಕಾಫಿ ಕುಡಿದು ಪುಸ್ತಕ ತೆಗೆದ.

"ದೇವರಾಜಪ್ನೋರೇ, ಲಂಕಾದವರು ಬಂದಿದ್ರೆ ತಿಳಿಸ್ಬೇಕಲ್ರೀ. ನಮಗೂ ಮೇಲಿನೋರು ಕೇಳ್ತಾರೆ." ಪಾಸ್‌ಪೋರ್ಟ್ ತಿರುಗಿಸಿ ನೋಡಿದ. "ಇವರಿಗೆ ಕನ್ನಡ ಬರಲ್ವಾ? ಅಮ್ಮಾ, ನೀವೇ ಕೇಳಿ ಹೇಳಿ. ಸಂಬಂಧ ಏನು?"

ಮಂಗಳಾ ತಮಿಳಿನಲ್ಲಿ ಕೇಳಿದಳು. ವಳ್ಳಿಯಮ್ಮ ಅವಳ ಮುಖ ನೋಡದೆ ಉತ್ತರಿಸಿದಳು.

"ನಾನು ಅವ್ರ ಅಣ್ಣನ ಮಗಳಂತೆ," ಎಂದಳು ಮಂಗಳಾ. 'ಅಂತೆ' ಎಂದದ್ದಕ್ಕೆ ದೇವರಾಜ ತಿರುಗಿ ನೋಡಿದ.

"ಚೀಲ ಒಂಚೂರು ತೋರಿಸ್ಲಿ. ಬೇಜಾರು ಮಾಡ್ಕೋಬೇಡಿ, ನಿಯಮ."

ಚೀಲದಲ್ಲಿ ಎರಡು ಸೀರೆ, ವಿಭೂತಿ ಪೊಟ್ಟಣ, ಮುಲಾಮಿನ ಡಬ್ಬಿ, ಟೀಪುಡಿ, ಅದರ ಕೆಳಗೆ ಮಡಿಸಿದ ಕಾಗದ. ಸಿದ್ದಬಸಪ್ಪ ಅದನ್ನು ಬಿಡಿಸಿ ಇಂಗ್ಲಿಷಿನ ಸಾಲುಗಳನ್ನು ಬೆರಳಿಟ್ಟು ಓದಿದ. "ಯೋಗೇಶ್ವರಿ. ಇದ್ಯಾರು? ಇವರ ಮಗಳಾ? ಎಲ್ಲವ್ಳೆ ಈಗ, ಕೇಳಿ."

ಮಂಗಳಾ ಕೇಳದೆ ಇರುವಂತಿರಲಿಲ್ಲ. "ಯೋಗೇಶ್ವರಿ ಎಲ್ಲಿದ್ದಾಳೆ ಅಂತ ಕೇಳ್ತಿದ್ದಾರೆ," ಎಂದು ತಮಿಳಿನಲ್ಲಿ ಹೇಳಿದಳು. ಹೊರಗಿನವರ ಎದುರು ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿ ಇಪ್ಪತ್ತು ವರ್ಷವಾಗಿತ್ತು.

ವಳ್ಳಿಯಮ್ಮ ಈಗ ಮಗಳ ಮುಖವನ್ನೇ ನೋಡಿದಳು. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಏನಂತಾರೆ?" ಎಂದ ಸಿದ್ದಬಸಪ್ಪ.

"ಸತ್ತುಹೋದ್ಲಂತೆ," ಎಂದಳು ಮಂಗಳಾ. "ಹದಿಮೂರನೇ ವಯಸ್ಸಲ್ಲಿ. ಜ್ವರ ಬಂದು."

"ಛೆ. ಸತ್ತವಳ ಕಾಗದ ಯಾಕೆ ಹೊತ್ಕೊಂಡು ಬಂದವ್ರೆ?"

ಕೇಳಿದಳು. ವಳ್ಳಿಯಮ್ಮ ಹೇಳಿದಳು. ಮಂಗಳಾ ಅದನ್ನೂ ಕನ್ನಡಕ್ಕೆ ತಂದಳು: "ರಾಮೇಶ್ವರದಲ್ಲಿ ಮಗಳ ಹೆಸ್ರಲ್ಲಿ ಪಿಂಡ ಬಿಡ್ಬೇಕಂತೆ. ಹುಟ್ಟಿದ ದಿನ ಪುರೋಹಿತರಿಗೆ ಹೇಳಕ್ಕೆ ಬೇಕಂತೆ."

ಸಿದ್ದಬಸಪ್ಪ ಕಾಗದವನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ. ಪುಸ್ತಕದಲ್ಲಿ ಬರೆದುಕೊಂಡು ಜೋರಾಗಿ ಓದಿದ, "ಮಕ್ಕಳು: ಒಬ್ಬಳು, ಮೃತ." ವಳ್ಳಿಯಮ್ಮ ಕೆಳಗೆ ತಮಿಳಿನಲ್ಲಿ ಹೆಸರು ಬರೆದಳು. ಕನ್ನಡ ಗೊತ್ತಿದ್ದ ಸಾಕ್ಷಿಯೆಂದು ಮಂಗಳಾ ಪಕ್ಕದಲ್ಲಿ ಸಹಿ ಮಾಡಬೇಕಾಯಿತು. ಮಂಗಳೇಶ್ವರಿ ದೇವರಾಜ್ ಎಂದು ಬರೆದಳು.

"ವೀಸಾದಲ್ಲಿ ಈ ಜಿಲ್ಲೆ ಹೆಸರಿಲ್ಲ. ನಾಳೆ ಕಳಿಸ್ಬಿಡಿ, ನಾನು ಸುಮ್ನಿರ್ತೀನಿ," ಎಂದು ಸಿದ್ದಬಸಪ್ಪ ಎದ್ದ.

ಹತ್ತು ದಿನ ಇರಲು ಬಂದವಳು ಏಳನೆಯ ದಿನ ಹೊರಟಳು. ಚಿಕ್ಕಮಗಳೂರಿನಲ್ಲಿ ಬಸ್ಸು ಹತ್ತುವಾಗ ಮಂಗಳಾ ಕಾಲಿಗೆ ಬಿದ್ದಳು. "ನಿನ್ನೆ ಹೇಳಿದ್ದು ಬಾಯಿಮಾತು ಕಣಮ್ಮಾ," ಎಂದು ವಳ್ಳಿಯಮ್ಮ ಪಿಸುಗುಟ್ಟಿದಳು. ಕಿಟಕಿಯಿಂದ ಮತ್ತೇನೋ ಹೇಳಿದಳು. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ.

ವಾಪಸು ಬರುವಾಗ ಬಸ್ಸು ವಸ್ತಾರೆ ಊರು ದಾಟಿದ ಮೇಲೆ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು, ಕಿಟಕಿಯ ಕಡೆ ಮುಖಮಾಡಿಕೊಂಡು, ನಿಲ್ಲಿಸದೆ. ಮುಗಿದ ಮೇಲೆ ದೇವರಾಜ ಕೇಳಿದ, "ಧನ್ಯಾ ಸರ್ಟಿಫಿಕೇಟಲ್ಲಿ ತಾಯಿ ಹೆಸ್ರು ಮಂಗಳೇಶ್ವರಿ ಅಂತಿದೆ ಅಲ್ವಾ?"

"ಹೂಂ."

"ಪಹಣೀಲೂ ಹಾಗೇ ಇದೆ."

"ಹೂಂ."

"ಹಾಗಾದ್ರೆ ನೀನು ಮಂಗಳೇಶ್ವರಿನೇ. ಅಮ್ಮನಿಗೆ ಬೇಡ, ಮಗಳಿಗೆ ಬೇಡ. ನಂಗೂ ನೀನು ಹೇಳಿಲ್ಲ, ತಿಳೀತಾ?" ಮೆತ್ತಗೆ ಹೇಳಿದ. ಅವಳ ಮಡಿಲಲ್ಲಿದ್ದ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಮಂಗಳಾಗೆ ಅನಿಸಿತು. ಸಿಟ್ಟಾಗಿದ್ದರೆ ತಾನೂ ಕಿರುಚಬಹುದಿತ್ತು, ಅಳಬಹುದಿತ್ತು. ಇಷ್ಟು ಒಳ್ಳೆಯತನದ ಎದುರು ಏನು ಮಾಡುವುದೆಂದೇ ತೋಚಲಿಲ್ಲ. ಬಸ್ಸು ಮೂಡಿಗೆರೆ ಮುಟ್ಟುವವರೆಗೂ ಕಿಟಕಿಯ ಸರಳು ಹಿಡಿದು ಕೂತಿದ್ದಳು.

ಎರಡು ವರ್ಷ ಕಳೆದು ರೋಬಸ್ಟಾ ಕೊಯ್ಲಿನ ಹೊತ್ತಿಗೆ ಹಟನ್‌ನಿಂದ ಕಾಗದ ಬಂತು, ನೆರೆಯವರ ಅಕ್ಷರದಲ್ಲಿ. ನಿಮ್ಮ ಅತ್ತೆ ವಳ್ಳಿಯಮ್ಮನವರು ತೀರಿಕೊಂಡು ಹನ್ನೆರಡು ದಿನವಾಯಿತು, ಮಕ್ಕಳಿಲ್ಲದ ಕಾರಣ ತೋಟದವರೇ ಸೇರಿ ಮಣ್ಣು ಮಾಡಿದೆವು ಎಂದಿತ್ತು.

ಮಂಗಳಾ ಕಾಗದವನ್ನು ಮಡಿಸಿ, ಜಗಲಿಯಲ್ಲಿದ್ದ ಪಾಪಮ್ಮನಿಗೆ ಸುದ್ದಿ ಹೇಳಿ, ಅಡಿಗೆಮನೆಗೆ ಹೋದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಸೌಟು ಹಿಡಿದವಳ ಕೈಯನ್ನು ಹಿಂದಿನಿಂದ ಬಂದ ಪಾಪಮ್ಮ ಹಿಡಿದಳು.

"ಬಿಡು. ನೀನು ಮುಟ್ಬೇಡ. ಹೆತ್ತವ್ರು ಹೋದ್ರೆ ಕೊಟ್ಟ ಹೆಣ್ಣಿಗೆ ಮೂರು ದಿನ ಸೂತಕ. ಕೇಳಿದ ದಿನದಿಂದ ಲೆಕ್ಕ."

"ಅತ್ತೆ, ಅವ್ರು ನಮ್ಮಪ್ಪನ ತಂಗಿ," ಎಂದಳು ಮಂಗಳಾ.

"ಗೊತ್ತು ಕಣೆ. ಹೊರಗೆ ಹೋಗಿ ಕೂತ್ಕೋ."

ಹಿಂದಿನ ಜಗಲಿಯಲ್ಲಿ ಚಾಪೆ ಹಾಸಿಕೊಟ್ಟಳು. ಮೊಸರು ಕೇಳಲು ಬಂದ ಪಕ್ಕದ ಮನೆಯ ತಂಗಮ್ಮನಿಗೆ, "ಅವ್ಳು ಮುಟ್ಟಾಗಿದಾಳೆ, ನಾನೇ ಕೊಡ್ತೀನಿ ತಾಳು," ಎಂದಳು. ಸ್ಕೂಲಿನಿಂದ ಬಂದ ಧನ್ಯಾಳಿಗೂ ಅದನ್ನೇ ಹೇಳಿದಳು. ದೇವರಾಜ ತೋಟದಿಂದ ಬಂದು, ಚಾಪೆಯನ್ನೂ ತಾಯಿಯನ್ನೂ ನೋಡಿ, ಕೈಕಾಲು ತೊಳೆಯಲು ಬಚ್ಚಲಿಗೆ ಹೋದ.

ಮೂರು ದಿನ ಮಂಗಳಾ ಅಲ್ಲಿ ಕೂತಿದ್ದಳು. ಕೊಯ್ಲಿನ ಆಳುಗಳು ಅತ್ತಿತ್ತ ಓಡಾಡುತ್ತಿದ್ದುದರಿಂದ ದನಿಯೆತ್ತಿ ಅಳಲೂ ಆಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಪಾಪಮ್ಮ ತಾನೇ ಹಂಡೆಗೆ ಉರಿ ಹಾಕಿ, ಅವಳ ತಲೆಗೆ ನೀರು ಹೊಯ್ದಳು. ಚೊಂಬಿನ ಮೇಲೆ ಚೊಂಬು ನೀರು ಬೀಳುವಾಗ ಮಂಗಳಾ ಬಾಯಿ ತೆರೆದು ಅತ್ತಳು. ನೀರಿನ ಸದ್ದು ನಿಲ್ಲದ ಹಾಗೆ ಪಾಪಮ್ಮ ಹಂಡೆ ಬರಿದಾಗುವವರೆಗೂ ಹೊಯ್ಯುತ್ತಲೇ ಇದ್ದಳು.